ಬಿಳಿ ಗೂಟದ ಕಡೆ ಏನೂ ಹಾಕಕೂಡದು

ಕೃಷಿ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

'ಕರೆದರೆ ಓಗೊಡದ ಮಣ್ಣಿಲ್ಲ' ಎಂಬ ಒಂದು ಸಾಲು ಬಹಳ ವರ್ಷಗಳಿಂದ ನನ್ನ ತಲೆಯಲ್ಲಿ ಉಳಿದುಕೊಂಡಿದೆ. ಎಲ್ಲಿ ಓದಿದೆನೋ, ಯಾರ ಬಾಯಲ್ಲಿ ಕೇಳಿದೆನೋ ನೆನಪಿಲ್ಲ. ಮುಂದಿನ ಸಾಲಂತೂ ಪೂರ್ತಿ ಅಳಿಸಿಹೋಗಿದೆ. ಸಾಲೇನೋ ಚೆನ್ನಾಗಿದೆ, ಆದರೆ ನಿಜವೇ? ತಮ್ಮ ಕೇಂದ್ರ ಈಚೆಗೆ ಪ್ರಕಟಿಸಿದ ವರದಿಯ ನಲವತ್ತೊಂದನೇ ಪುಟದ ಪ್ರಕಾರ ನಿಜವಲ್ಲ. 'ಏಳನೇ ಘಟಕದ್ದು ಸ್ಪಂದಿಸದ ಮಣ್ಣು', ಅಂದರೆ ಗೊಬ್ಬರ ಹಾಕಿದರೂ ಬೆಳೆ ಹೆಚ್ಚದ ಮಣ್ಣು, ಎಂದು ಅಲ್ಲಿ ಬರೆದಿದೆ. ಏಳನೇ ಘಟಕ ಎಂದರೆ ನಮ್ಮ ಊರು. ತಮ್ಮ ನಕ್ಷೆಯಲ್ಲಿ ನಮಗೆ ಬೂದು ಬಣ್ಣ. ಬೂದು ಬಳಿಸಿಕೊಂಡ ಊರುಗಳಿಗೆ ಮುಂದಿನ ಮೂರು ವರ್ಷ ತಮ್ಮ ಯೋಜನೆಯ ಬೀಜವಿಲ್ಲ, ಗೊಬ್ಬರವಿಲ್ಲ, ಹೊಲದ ಕಡೆ ತಲೆಹಾಕುವವರೂ ಇಲ್ಲ. ಅರವತ್ತಮೂರು ಮನೆಗಳು. ಬಿತ್ತನೆಗೆ ಇನ್ನು ಆರು ವಾರ. ಈ ತೀರ್ಮಾನ ತಪ್ಪು, ಮತ್ತು ಆ ತಪ್ಪಿನಲ್ಲಿ ನಮ್ಮ ಮನೆಯ ಪಾಲೂ ಇದೆ ಎಂದು ತಿಳಿಸಲು ಈ ಪತ್ರ. ಎದುರಿಗೇ ಹೇಳಿಬಿಡೋಣವೆಂದು ಎರಡು ಸಲ ಬಂದಿದ್ದೆವು. ತಮ್ಮ ಕಚೇರಿಯಲ್ಲಿ ತಪ್ಪೊಪ್ಪಿಗೆಗೆ ನಮೂನೆ ಇಲ್ಲವಂತೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರು ಕೊನೆಗೆ ಸೇರುವ ಜಾಗಗಳಲ್ಲಿ ಇದು ಅಷ್ಟೇನೂ ಕೆಟ್ಟದ್ದಲ್ಲ. ತಮ್ಮ ವರದಿಯ ಕರಡು ಬಂದದ್ದು ನನ್ನ ಮೇಜಿಗೇ. ನಲವತ್ತೊಂದನೇ ಪುಟವನ್ನು ಓದಿ, ಒಂದು ಅಲ್ಪವಿರಾಮ ಹಾಕಿ, 'ಪಾಪ, ಯಾರ ಊರೋ' ಎಂದುಕೊಂಡು ಪುಟ ತಿರುಗಿಸಿದವಳು ನಾನು. ಊರುಗಳಿಗೆಲ್ಲ ಸಂಖ್ಯೆ ಕೊಟ್ಟಿದ್ದಿರಲ್ಲ, ಗುರುತು ಸಿಗಲಿಲ್ಲ. ನಾಲ್ಕು ದಿನದ ನಂತರ ನಕ್ಷೆಯ ಕರಡು ಬಂತು. ಹಳ್ಳ ತಿರುಗುವ ಜಾಗ, ಶಾಲೆಯ ಪಕ್ಕದ ದಿಬ್ಬ, ಅದರ ಕೆಳಗೆ ನಮ್ಮ ಹೊಲ, ಎಲ್ಲವೂ ಬೂದು. ಅಷ್ಟರಲ್ಲಿ ನಲವತ್ತೊಂದನೇ ಪುಟ ಅಚ್ಚಾಗಿ ಒಣಗುತ್ತಿತ್ತು.

ಆ ಹೊಲ ಕಾಗದಪತ್ರಗಳಲ್ಲಿ ನನ್ನ ಅಣ್ಣನದು. ಅಣ್ಣ ದರ್ಜಿ. ಪೇಟೆಯ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೊಲಿಗೆಯಂತ್ರ ತುಳಿಯುತ್ತಾನೆ. ಹೊಲದಲ್ಲಿ ಅವನಿಗೆ ಖಚಿತವಾಗಿ ಗೊತ್ತಿರುವುದು ದಾರಿಯೊಂದೇ. ಉಳುವುದರಿಂದ ಹಿಡಿದು ತೆನೆ ಮುರಿಯುವವರೆಗೆ ಎಲ್ಲವೂ ಅತ್ತಿಗೆಯದು. ಒಂದು ಎಕರೆಗೂ ಕಡಿಮೆ. ಅದರಲ್ಲಿ ಬೆಳೆದ ಜೋಳವನ್ನು ನಾವು ಐದು ಜನ ಎಂಟು ತಿಂಗಳು ಉಣ್ಣುತ್ತೇವೆ.

ಎರಡು ವರ್ಷದ ಹಿಂದೆ ತಮ್ಮ ಕ್ಷೇತ್ರ ಸಹಾಯಕರು ಬಂದರು. ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಹುಡುಕುವ ಸಜ್ಜನರು. ಅವರ ಮೇಲೆ ನನಗೆ ದೂರಿಲ್ಲ. ನಮ್ಮ ಊರಿನಲ್ಲಿ ಎರಡು ಹೊಲ ಆರಿಸಿದರು. ಒಂದು ನಮ್ಮದು, ಇನ್ನೊಂದು ಪಕ್ಕದ ಮನೆಯವರದು. ಹೊಲದ ನಡುವೆ ಹಗ್ಗ ಎಳೆದು ಒಂದು ಕಡೆ ಕೆಂಪು ಗೂಟ, ಇನ್ನೊಂದು ಕಡೆ ಬಿಳಿ ಗೂಟ ನೆಟ್ಟರು. ಎರಡೂ ಕಡೆ ಅದೇ ಬೀಜ. ಕೆಂಪು ಗೂಟದ ಕಡೆ ಪ್ರತಿ ಗಿಡದ ಬುಡಕ್ಕೆ ಒಂದು ಬಾಟಲಿ ಮುಚ್ಚಳದಷ್ಟು ತಮ್ಮ ಗೊಬ್ಬರ. ಬಿಳಿ ಗೂಟದ ಕಡೆ ಏನೂ ಹಾಕಕೂಡದು. ಇದನ್ನೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಸಿ ಅಣ್ಣನಿಗೆ ವಿವರಿಸಿದರು. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಅತ್ತಿಗೆ ಚಹಾ ತಂದಿಟ್ಟು ಒಳಗೆ ಹೋಗುವಾಗ ಕಿವಿಗೆ ಬಿದ್ದದ್ದು ಇಷ್ಟೇ: ಅರ್ಧಕ್ಕೆ ಹಾಕಬೇಕು, ಅರ್ಧಕ್ಕೆ ಹಾಕಬಾರದು.

ಹೋಲಿಸದೆ ಅಳೆಯಲಾಗದು ಎಂಬುದು ನನಗೂ ಗೊತ್ತು. ಕವಿತೆ ಓದುವವರಿಗೆ ವಿಜ್ಞಾನ ಕಂಡರಾಗದು ಎಂದು ತಾವು ಭಾವಿಸಬಾರದು. ಬಿಳಿ ಗೂಟದ ಕಡೆ ಬರಿದಾಗಿದ್ದರೆ ಮಾತ್ರ ಕೆಂಪು ಗೂಟದ ಕಡೆಯ ಬೆಳೆಗೆ ಅರ್ಥ. ಆದರೆ ಗಿಡ ಮೊಣಕಾಲೆತ್ತರ ಬರುವ ಹೊತ್ತಿಗೆ ಕೆಂಪಿನ ಕಡೆ ಕಡುಹಸಿರು, ಬಿಳಿಯ ಕಡೆ ಎಲೆಯ ತುದಿಯೆಲ್ಲ ಹಳದಿ. ದಿನಾ ಬೆಳಿಗ್ಗೆ ಅದರ ಮುಖ ನೋಡಬೇಕಾಗಿದ್ದದ್ದು ತಾವಲ್ಲ, ನಾನೂ ಅಲ್ಲ.

ಅತ್ತಿಗೆ ಆಡಿನ ದೊಡ್ಡಿಯ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಬಿಳಿ ಗೂಟದ ಕಡೆಗೆ ಹಾಕತೊಡಗಿದರು. ಒಲೆಯ ಬೂದಿ ಹಾಕಿದರು. ಕೆಂಪಿನ ಕಡೆ ಎರಡು ಸಲ ಕಳೆ ತೆಗೆದರೆ ಬಿಳಿಯ ಕಡೆ ನಾಲ್ಕು ಸಲ. ಎರಡನೇ ವರ್ಷವೂ ಹಾಗೆಯೇ. ಸೊಂಟ ಹಿಡಿದುಕೊಂಡು ಒಂದು ವಾರ ಮಲಗಿದ್ದು ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ. ಕದ್ದು ಮಾಡಿದ್ದಲ್ಲ, ಹಾಡಹಗಲೇ ಊರ ನಡುವಿನ ದಾರಿಯಲ್ಲೇ ಬುಟ್ಟಿ ಹೊತ್ತದ್ದು. ನಾನು ದಿನಾ ಆ ಹೊತ್ತಿಗೆ ಬಸ್ಸಿಗೆ ಓಡುವವಳು, ಬುಟ್ಟಿ ನೋಡಿಯೂ ಇದ್ದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಲಿಲ್ಲ.

ನಕ್ಷೆ ನೋಡಿದ ದಿನ ಮನೆಗೆ ಬಂದು ಹೇಳಿದೆ: "ಅತ್ತಿಗೆ, ನಮ್ಮ ಹೊಲದಲ್ಲಿ ಕೆಂಪು ಗೂಟದ ಕಡೆಗೂ ಬಿಳಿ ಗೂಟದ ಕಡೆಗೂ ಏನೂ ವ್ಯತ್ಯಾಸವಿಲ್ಲವಂತೆ. ಎರಡೂ ಒಂದೇ ತೂಕ."

ಅವರ ಮುಖ ಅರಳಿತು. "ಹೌದಾ? ಪುಸ್ತಕದಲ್ಲೇ ಬರೆದಿದ್ದಾರಾ? ನಂಗೊತ್ತಿತ್ತು ಕಣೆ, ಅದು ಹಿಂದೆ ಬೀಳಲ್ಲ ಅಂತ."

"ನೀವು ಏನಾದರೂ ಹಾಕಿದ್ರಾ?"

"ಹಾಕದೆ? ಒಂದು ಕೂಸಿಗೆ ಹಾಲು ಕೊಟ್ಟು, ಇನ್ನೊಂದು ಹೇಗೆ ಸೊರಗುತ್ತೆ ನೋಡೋಣ ಅಂತ ಯಾರಾದ್ರೂ ಕೂತ್ಕೋತಾರಾ? ಒಂದೇ ಪಂಕ್ತೀಲಿ ಕೂರಿಸಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನ ದಾಟಿಕೊಂಡು ಹೋಗೋದು ನನ್ನಿಂದ ಆಗಲ್ಲಮ್ಮ."

ಹೊಸಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದ ಅಣ್ಣ ತಲೆಯೆತ್ತಿದ. "ಅವರು ನನ್ನ ಕೇಳಿದ್ರಲ್ಲೇ! ಬಿಳಿ ಗೂಟದ ಕಡೆ ಏನಾದ್ರೂ ಹಾಕಿದ್ರಾ ಅಂತ. ನಾನು ಇಲ್ಲ ಅಂದೆ."

"ನೀವು ಹಾಕಿಲ್ವಲ್ಲ," ಎಂದರು ಅತ್ತಿಗೆ.

"ಅದೂ ನಿಜಾನೇ," ಎಂದ ಅಣ್ಣ.

ಮಾನ್ಯರೇ, ತಮ್ಮ ಎರಡು ವರ್ಷದ ಪ್ರಯೋಗ ಬಿದ್ದುಹೋದದ್ದು ಇಷ್ಟರಲ್ಲಿಯೇ. ತಮ್ಮವರು ಹನ್ನೆರಡು ಸಲ ಬಂದರು. ಕೋಲು ಹಿಡಿದು ಗಿಡದ ಎತ್ತರ ಅಳೆದರು, ಎಲೆ ಎಣಿಸಿದರು, ತೆನೆ ತೂಗಿದರು. ಪ್ರಶ್ನಾವಳಿ ಹದಿನಾರು ಪುಟ. ನಮ್ಮ ಮನೆಯ ಚಾವಣಿ ಯಾವುದರದು ಎಂದು ಅದರಲ್ಲಿ ಕೇಳಿದೆ. ಶಾಲೆಗೆ ಎಷ್ಟು ನಿಮಿಷದ ನಡಿಗೆ, ಮನೆಯಲ್ಲಿ ಗಡಿಯಾರ ಎಷ್ಟು ಎಂದೂ ಕೇಳಿದೆ. ಗಡಿಯಾರ ಒಂದು, ನಿಂತಿದೆ. 'ಈ ಹೊಲದಲ್ಲಿ ಕೆಲಸ ಮಾಡುವವರು ಯಾರು' ಎಂದು ಮಾತ್ರ ಎಲ್ಲಿಯೂ ಇಲ್ಲ. ಪ್ರಶ್ನೆಗಳಿಗೆಲ್ಲ 'ಮನೆಯ ಯಜಮಾನರು' ಉತ್ತರಿಸಬೇಕು. ಯಜಮಾನರು ಉತ್ತರಿಸಿದ್ದಾರೆ, ಪೇಟೆಯ ಅಂಗಡಿಯಲ್ಲಿ, ಯಾರದೋ ಷರಾಯಿಯ ಅಂಚು ಮಡಿಸುತ್ತ, ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು. ಅಷ್ಟು ಪಿನ್ನು ಬಾಯಲ್ಲಿಟ್ಟುಕೊಂಡವನು 'ಇಲ್ಲ' ಎನ್ನುವುದಕ್ಕಿಂತ ಉದ್ದದ ಉತ್ತರ ಕೊಡಲಾರ.

ಇನ್ನೊಂದು ಮಾತು. 'ಏನೂ ಹಾಕದ ಹೊಲ' ಎಂಬುದು ತಮ್ಮ ಕೇಂದ್ರದ ಬೇಲಿಯೊಳಗೆ ಇರಬಹುದು. ಅಲ್ಲಿ ಆ ಹೊಲದ ಫಸಲನ್ನು ನಂಬಿ ಯಾರೂ ಒಲೆ ಹಚ್ಚುವುದಿಲ್ಲ. ತುಂಡು ಭೂಮಿಯವರ ಕಡೆ ಅಂಥದ್ದು ತಮಗೆ ಸಿಗುವುದಿಲ್ಲ. ಇಲ್ಲಿ ಕೈಗೆ ಸಿಕ್ಕಿದ್ದೆಲ್ಲ ಹೊಲಕ್ಕೆ ಹೋಗುತ್ತದೆ: ಅಂಗಳ ಗುಡಿಸಿದ ಕಸ, ಪಾತ್ರೆ ತೊಳೆದ ನೀರು, ಅರ್ಧ ಗಂಟೆ ಬಿಡುವು ಸಿಕ್ಕರೆ ಆ ಅರ್ಧ ಗಂಟೆ. ಹಸಿದಿರಲಿ ಎಂದು ಅರ್ಧ ಹೊಲವನ್ನು ಬಿಡುವುದಕ್ಕೆ ಒಂದೋ ಸಂಬಳ ಬೇಕು, ಇಲ್ಲವೇ ಬೇರೆ ಊಟ ಬೇಕು. ಅತ್ತಿಗೆಗೆ ಎರಡೂ ಇರಲಿಲ್ಲ. ಇದನ್ನು ಅರಿಯಲು ಪದವಿ ಬೇಡ. ನನಗೆ ಪದವಿ ಇತ್ತು, ಅರಿಯಲು ಎರಡು ವರ್ಷ ಹಿಡಿಯಿತು. ತಮ್ಮಲ್ಲಿ ಪದವಿಗಳು ಹೆಚ್ಚಿರುವುದರಿಂದ ಕಾಲಾವಕಾಶವೂ ಹೆಚ್ಚು ಬೇಕಾಗಬಹುದು ಎಂದು ಒಪ್ಪುತ್ತೇನೆ.

ಹಾಗೆ ನೋಡಿದರೆ ತಮ್ಮ ಕೈಗೆ ಒಳ್ಳೆಯ ಫಲಿತಾಂಶವೇ ಸಿಕ್ಕಿತ್ತು. ಆಡಿನ ಗೊಬ್ಬರ, ಒಲೆಯ ಬೂದಿ, ಎರಡು ಕಳೆ ಹೆಚ್ಚಿಗೆ: ಇಷ್ಟು ಸೇರಿದರೆ ತಮ್ಮ ಬಾಟಲಿ ಮುಚ್ಚಳಕ್ಕೆ ಸಮ. ನಮ್ಮ ಮಣ್ಣು ಎರಡು ಕಡೆಯಿಂದ ಕರೆದರೂ ಎರಡು ಕಡೆಯೂ ಓಗೊಟ್ಟಿದೆ. ತಾವು ಅದನ್ನು ಕಿವುಡೆಂದು ಬರೆದಿರಿ.

ವಿಷಯ ತಿಳಿದ ಮರುದಿನವೇ ಅತ್ತಿಗೆ ನಲ್ಲಿಯ ಹತ್ತಿರ ನೀರಿಗೆ ನಿಂತವರಿಗೆಲ್ಲ ತಾವಾಗಿಯೇ ಹೇಳಿದರು, ನನ್ನಿಂದ ಹೀಗಾಯಿತು ಎಂದು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂದಿನಿಂದ ಊರಿನ ಬಾಯಿಗೆ ಕೆಲಸ ಸಿಕ್ಕಿದೆ. ಎಲ್ಲರಿಗಿಂತ ಗಟ್ಟಿ ದನಿ ಪಕ್ಕದ ಮನೆಯವರದು. ಎರಡನೇ ಪ್ರಯೋಗದ ಹೊಲ ಅವರದೇ. ಮಾತು ನಿಲ್ಲಿಸುವ ಗುಂಡಿ ಇಲ್ಲದ್ದರಿಂದ ಊರವರೆಲ್ಲ ಅವರನ್ನು ರೇಡಿಯೋ ಅಕ್ಕ ಎನ್ನುತ್ತಾರೆ. "ಇವರ ಮನೆ ಜೋಳದ ಹೊಟ್ಟೆ ತುಂಬಿಸೋಕೆ ಅರವತ್ತೆರಡು ಮನೆ ಹೊಟ್ಟೆ ಮೇಲೆ ಹೊಡೆದ್ರು ನೋಡ್ರಮ್ಮ" ಎಂದು ಕೊಡ ತುಂಬುವವರೆಗೂ ಪ್ರಸಾರ. ಅತ್ತಿಗೆ ಈಗ ನೀರಿಗೆ ಹೋಗುವುದು ಉರಿಬಿಸಿಲಿನ ಮಧ್ಯಾಹ್ನ, ನಲ್ಲಿಯ ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ. ಬಿತ್ತನೆಗೆ ಹೊಲ ಹದ ಮಾಡಬೇಕಾದ ಕಾಲ. ಹನ್ನೊಂದು ದಿನವಾಯಿತು, ಹೊಲದ ಕಡೆ ಹೋಗಿಲ್ಲ. "ನಾನು ಮುಟ್ಟಿದ್ದೇ ತಪ್ಪಾಯ್ತಲ್ಲ" ಎನ್ನುತ್ತಾರೆ.

ಅವರನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ಮೊದಲ ಸಲ ಬಾಗಿಲ ಹೊರಗಿನ ಬೆಂಚಿನಲ್ಲೇ ಸಂಜೆಯಾಯಿತು. ಎರಡನೇ ಸಲ ಗಾಜು ಹಾಸಿದ ಮೇಜಿನ ಹಿಂದಿದ್ದ ಗುಮಾಸ್ತರು ವರದಿಯ ಪಟ್ಟಿ ತೆಗೆದು ನೋಡಿದರು.

"ತಿದ್ದುಪಡಿಗೆ ಅರ್ಜಿ ಕೊಡಬಹುದು ಮೇಡಂ. ಆದ್ರೆ ರೈತರೇ ಬರಬೇಕು."

"ಬಂದಿದ್ದಾರೆ. ಇವರೇ."

"ಪಟ್ಟೀಲಿ ಗಂಡಸಿನ ಹೆಸರಿದೆ."

"ಅವನು ದರ್ಜಿ."

"ಇಲ್ಲಿ ರೈತ ಅಂತ ಇದೆಯಲ್ಲ ಮೇಡಂ."

ಅತ್ತಿಗೆ ತಮ್ಮ ಎರಡೂ ಅಂಗೈಗಳನ್ನು ಮೇಜಿನ ಗಾಜಿನ ಮೇಲೆ ಅಂಗಾತ ಇಟ್ಟರು. ಜಗಳಕ್ಕಲ್ಲ, ತೋರಿಸಲು. ಗುಮಾಸ್ತರು ನೋಡಿದರು. ಗಾಜಿನ ಮೇಲೆ ಗುರುತು ಬೀಳುತ್ತದೆ ಎಂದರು.

ಆಮೇಲೆ ವರದಿ ಬರೆದ ವಿಜ್ಞಾನಿಗಳೇ ಒಳಗಿನಿಂದ ಬಂದರು. ತಾಳ್ಮೆಯ ಮನುಷ್ಯ, ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಹೇಳಿದರು: "ನೀವು ಹೇಳೋದು ನಿಜ ಇರಬಹುದಮ್ಮ. ನಿಮ್ಮ ಹೊಲದ ಲೆಕ್ಕ ಬಿಟ್ಟುಬಿಡೋಣ. ಆದ್ರೆ ನಿಮ್ಮೂರಲ್ಲಿ ಇನ್ನೊಂದು ಹೊಲ ಇದೆಯಲ್ಲ? ಅದ್ರಲ್ಲೂ ವ್ಯತ್ಯಾಸ ಬಂದಿಲ್ಲ. ಅದಕ್ಕೇನು ಹೇಳ್ತೀರಿ?"

ಪಕ್ಕದ ಹೊಲದ ಬಗ್ಗೆ ನಾನು ಸಾಕ್ಷಿ ಹೇಳಲಾರೆ. ಹಿಂದಿರುಗುವ ಬಸ್ಸಿನಿಂದ ಇಳಿಯುವಾಗ ಅತ್ತಿಗೆ, "ಹಾಗಾದ್ರೆ ನಮ್ಮ ಮಣ್ಣೇ ಅಂಥದ್ದೇನೋ" ಎಂದರು. ಇಪ್ಪತ್ತಾರು ವರ್ಷ ಆ ಮಣ್ಣಿನಲ್ಲಿ ಬೆಳೆದದ್ದನ್ನು ಬಡಿಸಿದವರ ಬಾಯಲ್ಲಿ ಈ ಮಾತು ಬರಿಸಿದ್ದು ತಮ್ಮ ವರದಿಯ ಸಾಧನೆಗಳಲ್ಲಿ ಸೇರಬೇಕು. ಮುನ್ನುಡಿಯಲ್ಲಿ ಅದಕ್ಕೆ ಜಾಗವಿದೆ, ನಾನು ನೋಡಿದ್ದೇನೆ.

ನಾನು ಕೇಳುವುದು ದೊಡ್ಡದಲ್ಲ. ಬಿತ್ತನೆಗೆ ಮುಂಚೆ ತಮ್ಮವರೊಬ್ಬರು ಬರಲಿ. ಪೇಟೆಯ ಅಂಗಡಿಗೆ ಬೇಡ, ಹೊಲದ ಬದುವಿಗೆ ಬಂದು ಕೂತುಕೊಳ್ಳಲಿ. ಎರಡೂ ಹೊಲಗಳಲ್ಲಿ ಕೈಯಾರೆ ದುಡಿದವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಅಲ್ಲಿಯವರೆಗೆ ಏಳನೇ ಘಟಕದ ಬೂದು ಬಣ್ಣವನ್ನು ತಡೆಹಿಡಿದು, ಈ ಸಲದ ಬೀಜವನ್ನು ನಿಲ್ಲಿಸದಿರಿ. ಮತ್ತೆ ಪ್ರಯೋಗ ಮಾಡಬೇಕೆಂದರೆ ಅವಶ್ಯ ಮಾಡಿ. ಹಸಿದಿರಬೇಕಾದ ಅರ್ಧವನ್ನು ಮಾತ್ರ ತಮ್ಮ ಬೇಲಿಯೊಳಗೆ ಇಟ್ಟುಕೊಳ್ಳಿ. ನಲವತ್ತೊಂದನೇ ಪುಟಕ್ಕೆ ಒಂದು ತಿದ್ದುಪಡಿ ಚೀಟಿ ಅಚ್ಚುಹಾಕಿಸಿದರೆ ಅದರ ಕರಡು ನಾನೇ ನೋಡಿಕೊಡುತ್ತೇನೆ. ಈ ಸಲ ಅರ್ಥವನ್ನೂ ನೋಡುತ್ತೇನೆ.

ಇಂತಿ,
ತಮ್ಮ ವಾಕ್ಯಕ್ಕೆ ಅಲ್ಪವಿರಾಮ ಹಾಕಿ, ವಾಕ್ಯವನ್ನು ಹಾಗೆಯೇ ಬಿಟ್ಟ
ಕರಡು ತಿದ್ದುವವಳು

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವ ಮುನ್ನ ಅತ್ತಿಗೆಗೆ ಓದಿ ಹೇಳುತ್ತಿದ್ದೆ. ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ರೇಡಿಯೋ ಅಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅತ್ತಿಗೆಯ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡಿ ಹೇಳಿದರು. ಅವರು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಇಲ್ಲಿ ಸೇರಿಸುತ್ತಿದ್ದೇನೆ:

"ನಂದೂ ಬರಿ. ಬಿಳಿ ಗೂಟದ ಕಡೆ ನಾನೂ ಸಗಣಿ ಗೊಬ್ಬರ ಹಾಕಿದ್ದೆ, ಎರಡು ವರ್ಷಾನೂ. ನಮ್ಮನೆಯವ್ರಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದ್ರೆ ಆಗ್ಲಿ. ನಲ್ಲಿ ಹತ್ರ ಅಷ್ಟು ಕೂಗಾಡಿದ್ಯಾಕೆ ಅಂದ್ಕೊಂಡೆ? ಎಲ್ಲಾರೂ ಇವಳನ್ನ ನೋಡ್ತಿದ್ರೆ ನನ್ನ ಕಡೆ ನೋಡಲ್ಲ ಅಂತ. ಬರಿ, ಬರಿ. ಕರುಳು ಅನ್ನೋದು ನಿಮ್ಮತ್ತಿಗೆ ಒಬ್ಬಳಿಗೇ ಇರೋದಾ?"