ಗೋಡೆ ಗಡಿಯಾರದ ಸಮಯ

ಗುರುವಾರ, ಮಾರ್ಚ್ ೧೨

ಕ್ಲೌಡಿನ ಬಾಗಿಲು ತೆರೆಯುವ ಆಕ್ಸೆಸ್ ಕೀ ಸರಿಯಾಗಿಯೇ ಇತ್ತು. ಇಡೀ ದಿನ ಅದರ ಮೇಲೆ ಸುಮ್ಮನೆ ಗೂಬೆ ಕೂರಿಸಿದೆ. ಎಕ್ಸ್‌ರೇ ಚಿತ್ರಗಳನ್ನು ಕ್ಲೌಡಿಗೆ ಕಳಿಸುವ ನನ್ನ ಆ್ಯಪ್‌ಗೆ ಪ್ರತಿ ಸಲವೂ 'ಪ್ರವೇಶವಿಲ್ಲ' ಎಂಬ ಉತ್ತರ. ಹಳೆಯ ಕೀ ಅಳಿಸಿ ಹೊಸದು ಮಾಡಿದೆ, ಅದಕ್ಕೂ ಅದೇ. ನಾಳೆ ಬೆಳಿಗ್ಗೆ ಆ್ಯಪ್ ಮಾಡಿಸುತ್ತಿರುವ ಡಾಕ್ಟರಿಗೆ ಅದನ್ನು ತೋರಿಸಬೇಕು ಬೇರೆ.

ಸಂಜೆ ಪಕ್ಕದ ಮೇಜಿನ ಸೋಡಾಬುಡ್ಡಿ ಕನ್ನಡಕದವ ನನ್ನ ಪರದೆ ನೋಡಿ, "ಏನ್ರೀ, ನಿಮ್ ಲ್ಯಾಪ್‌ಟಾಪಲ್ಲಿ ಆಗ್ಲೇ ಆರೂವರೆ ಆಯ್ತಾ?" ಎಂದ. ಎಲ್ಲಿಗೂ ತಡವಾಗದಿರಲೆಂದು ಇಪ್ಪತ್ತು ನಿಮಿಷ ಮುಂದಿಟ್ಟವಳು ನಾನೇ. ಕೀಯ ಜೊತೆ ಲ್ಯಾಪ್‌ಟಾಪಿನ ಸಮಯವೂ ಕ್ಲೌಡಿಗೆ ಹೋಗುತ್ತದೆ. ಅಷ್ಟು ವ್ಯತ್ಯಾಸವಿದ್ದರೆ ಕ್ಲೌಡ್ ನಂಬುವುದಿಲ್ಲ. ಸರಿಪಡಿಸಿದ್ದೇ ತಡ, ಚಿತ್ರಗಳೆಲ್ಲ ಸಲೀಸಾಗಿ ಹೋದವು.

ಮನೆಗೆ ಬಂದು ಅದೇ ಹುರುಪಿನಲ್ಲಿ ಗೋಡೆ ಗಡಿಯಾರವನ್ನೂ ಸರಿಮಾಡಲು ಸ್ಟೂಲು ಹತ್ತಿದೆ. ಅಮ್ಮ ಪಾತ್ರೆ ಒರೆಸುತ್ತಲೇ ಹೇಳಿದಳು: "ಅದ್ರ ತಂಟೆಗೆ ಹೋಗ್ಬೇಡ. ನಿನ್ ಸ್ಕೂಲ್ ಬಸ್ಸು ತಪ್ಪಬಾರ್ದು ಅಂತ ನಿಮ್ಮಪ್ಪ ಮುಂದಿಟ್ಟಿದ್ದು."

ಅಪ್ಪ ತೀರಿಕೊಂಡ ಮೇಲೂ, ಸೆಲ್ ಬದಲಿಸಿದಾಗಲೆಲ್ಲ, ಅಮ್ಮ ಅಷ್ಟನ್ನೇ ಮುಂದಿಡುತ್ತಾ ಬಂದಿದ್ದಾಳೆ. ಸ್ಟೂಲಿನಿಂದ ಇಳಿದೆ.

ಲ್ಯಾಪ್‌ಟಾಪಿನಲ್ಲಿ ಈಗ ಹತ್ತೂವರೆ. ಗೋಡೆಯ ಮೇಲೆ ಹನ್ನೊಂದಕ್ಕೆ ಹತ್ತು ನಿಮಿಷ. ನಿದ್ದೆ ಎಳೆಯುತ್ತಿದೆ, ಗೋಡೆಯದೇ ಸರಿ.