ನೈದಿಲೆಯಿಲ್ಲದ ನೀರು

ಯಶ್ ವಿಟ್ಸ್,
ಏಳು ಇಮಿಶ್ ದಿನ, ಮಾಕ್ ತಿಂಗಳ ಹದಿನಾಲ್ಕು

ಪ್ರೀತಿಯ ಮಗಳು ಮುಯಾಲ್‌ಗೆ,

ಹೇಗಿದ್ದೀಯಮ್ಮಾ? ಉಪ್ಪಿನ ಮಡಿಗಳಲ್ಲಿ ನಿಂತು ನಿಂತು ಅಂಗಾಲು ಒಡೆದಿದೆ ಎಂದು ಹೋದ ಸಲ ಬರೆದಿದ್ದೆ. ಜೇನುಮೇಣ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನ ಹಳೆಯ ಸೋಮಾರಿತನವೇ ಮುಂದುವರಿದಿದೆಯೋ? ಅಳಿಯ ಯೋಪಾತ್ ಗಾಳಿ ನೋಡಿಕೊಂಡು ದೋಣಿ ಬಿಡುತ್ತಾನೆ ತಾನೆ? ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ಬೆನ್ನು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಮಳೆ ಕಡಿಮೆಯಾಗಿ ಕೆರೆ ಅರ್ಧಕ್ಕಿಳಿದಿದೆ. ನೀನು ಮರಿಯಿಂದ ಸಾಕಿದ ಟರ್ಕಿ ಕೋಳಿ ನನ್ನ ಬಣ್ಣದ ಕುಡಿಕೆಗೆ ಕೊಕ್ಕು ಹಾಕಿ, ಕೆಂಪು ಮೂತಿ ಮಾಡಿಕೊಂಡು, ಯುದ್ಧ ಗೆದ್ದು ಬಂದವರ ಹಾಗೆ ಅಂಗಳದಲ್ಲಿ ತಿರುಗುತ್ತಿದೆ. ಅದನ್ನು ಕೊಯ್ಯೋಣವೆಂದರೆ ನಿಮ್ಮಮ್ಮ ಬಿಡುವುದಿಲ್ಲ.

ನಿಮ್ಮಮ್ಮನ ವಿಷಯ ನಿನ್ನಿಂದ ಮುಚ್ಚಿಡುವುದಿಲ್ಲ. ಹೊಟ್ಟೆಯ ಗಡ್ಡೆ ಬೆಳೆದಿದೆ. ವೈದ್ಯ ಬಂದು ಧೂಪ ಹಾಕಿ, ನಾಡಿ ಹಿಡಿದು, ಹೋಗುವಾಗ ನನ್ನ ಮುಖ ನೋಡದೆ ಹೋದ. ಜೋಳದ ಗಂಜಿ ಎರಡು ಗುಟುಕಿಗಿಂತ ಹೆಚ್ಚು ಇಳಿಯುತ್ತಿಲ್ಲ. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ಸಾಯುವುದಕ್ಕೆ ಅವಳಿಗೆ ಭಯವಿಲ್ಲ ಮುಯಾಲ್, ನೀರಿಗೆ ಭಯ. ಅವಳ ತಮ್ಮ ಚಿಕ್ಕಂದಿನಲ್ಲಿ ಕೆರೆಯ ನಡುವಿಗೆ ಹೋಗಿ ಮುಳುಗಿದ್ದು ನಿನಗೆ ಗೊತ್ತೇ ಇದೆ. ಅಂದಿನಿಂದ ಅವಳು ನೈದಿಲೆ ಬೆಳೆದ ಅಂಚಿನಲ್ಲಿ ಬಿಟ್ಟು ಬೇರೆಲ್ಲೂ ಕೊಡ ಅದ್ದಿದವಳಲ್ಲ. ನೈದಿಲೆ ಇದ್ದಲ್ಲಿ ನೀರು ಕುಡಿಯಬಹುದು, ಕಾಲಿಗೆ ನೆಲ ಸಿಗುತ್ತದೆ ಎಂಬುದು ಅವಳ ಲೆಕ್ಕ. ಈಗ ಸತ್ತವರೆಲ್ಲ ಇಳಿಯುವ ಆ ದೊಡ್ಡ ನೀರಿಗೆ, ಕಡಲಿಗೆ, ತಾನೂ ಇಳಿಯಬೇಕಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ.

ಹೋದ ವಾರ ನಾನು ಬಟ್ಟಲಿಗೆ ಬಣ್ಣ ಹಚ್ಚುತ್ತಾ ಕೂತಿದ್ದಾಗ ಕರೆದಳು. "ಏನ್ರೀ, ಕಡಲು ಕಡಲು ಅಂತ ಜೀವಮಾನ ಪೂರ್ತಿ ಬರ್ದ್ರಲ್ಲ, ಅದು ಹ್ಯಾಗಿರತ್ತೆ ಹೇಳಿ ನೋಡೋಣ. ಬೆಂಕಿಯ ಕೊಳ ಅಂತೀರಿ, ಮುಟ್ಟಿದ್ರೆ ಸುಡತ್ತಾ?" ಎಂದಳು. ಸೂರ್ಯ ಅದರೊಳಗಿಂದ ಏಳುವುದಕ್ಕೆ ಹಾಗೆನ್ನುತ್ತಾರೆ, ಸುಡುವುದಿಲ್ಲ ಎಂದೆ. "ನೀವೇನು ನೋಡಿದೀರಾ?" ಎಂದು ತಿರುಗಿ ಕೇಳಿದಳು. ನಾನು ದೊರೆಗಳ ಗೋರಿಯ ಗೋಡೆಗೆ ಕಡಲಿನ ಚಿತ್ರ ಬರೆದವನು. ಅಲ್ಲಿ ನೆಲಕ್ಕೆ ಚಿಪ್ಪು, ಹವಳ ಹಾಸಿ ಗೋರಿಯನ್ನೇ ಕಡಲು ಮಾಡುವಾಗ ಎದುರಿಗೆ ನಿಂತು ಎಲ್ಲಿ ಯಾವ ಚಿಪ್ಪು ಎಂದು ಹೇಳಿದವನು. ಆದರೆ ಈ ಊರಿನ ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡಿಲ್ಲ. ನನ್ನ ಗುರುವೂ ಕಂಡಿರಲಿಲ್ಲ. ವ್ಯಾಪಾರಿಗಳು ತಂದ ಒಂದು ಹಲ್ಲು ನೋಡಿ ಅವರು ಶಾರ್ಕ್ ಮೀನು ಬರೆದರು, ಅದಕ್ಕೆ ಒಂದೇ ಹಲ್ಲಿಟ್ಟರು. ನಾನೂ ಒಂದೇ ಇಟ್ಟೆ. ಅದರ ಬಾಯಲ್ಲಿ ಸಾಲು ಸಾಲು ಹಲ್ಲುಗಳಿವೆ ಎಂದು ನೀನು ಬರೆದಾಗ ನನಗೆ ಸಿಟ್ಟೇ ಬಂದಿತ್ತು.

ಅದೇ ಓಲೆಯಲ್ಲಿ ನೀನು ಇನ್ನೊಂದು ಮಾತು ಬರೆದಿದ್ದೆ. "ಅಪ್ಪಾ, ಇಲ್ಲಿ ನೈದಿಲೆ ಒಂದೂ ಇಲ್ಲ. ನೀರು ಬಾಯಿಗಿಡುವ ಹಾಗಿಲ್ಲ. ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ." ನಾನು ಬರೆದ ಕಡಲಲ್ಲೆಲ್ಲ ನೈದಿಲೆ ಅರಳಿದೆಯಲ್ಲ ಮಗಳೇ, ಮೀನುಗಳು ಅದರ ಹೂ ಮೆಲ್ಲುತ್ತವೆ. ನಿಮ್ಮಮ್ಮ ಆ ಬಟ್ಟಲುಗಳನ್ನು ತೊಳೆದು ತೊಳೆದು ಕಡಲೆಂದರೆ ಅದೇ ಎಂದು ನಂಬಿದ್ದಾಳೆ. ಅವಳಿಗೆ ಓದು ಬಾರದ್ದು ನನಗೆ ಆಗ ಅನುಕೂಲವಾಯಿತು. ನಿನ್ನ ಆ ಓಲೆಯನ್ನೇ ತೆಗೆದು ಅವಳ ಮುಂದೆ ಹಿಡಿದು ಓದಿದೆ: "ಅಮ್ಮಾ, ಕಡಲು ಮೊಣಕಾಲುದ್ದ. ದಡದ ತುಂಬ ನೈದಿಲೆ." ಅವಳು, "ಸತ್ತೋರನ್ನ ಕರ್ಕೊಂಡು ದೋಣಿ ನಡೆಸೋ ಆ ಇಬ್ರು ಮುದುಕ್ರು? ಅವ್ರಿಗೆ ಕಣ್ಣು ಕಾಣತ್ತೋ, ನಿಮ್ ಥರಾನೋ?" ಎಂದಳು. ದೇವರುಗಳ ಬಗ್ಗೆ ಹಾಗೆಲ್ಲ ಅನ್ನಬಾರದು ಎಂದು ಗದರಿದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ಆದರೆ ಅವಳು ಹಾಗೆಲ್ಲ ನನ್ನನ್ನು ಬಿಡುವವಳೇ? ಮರುದಿನವೇ, "ನೀವು ಓದಿದ್ದು ನೀವೇ ಕಟ್ಟಿದ ಹಾಗಿತ್ತು. ನಮ್ ಮುಯಾಲ್ ಅಷ್ಟು ನಯವಾಗಿ ಮಾತಾಡಲ್ಲ" ಎಂದಳು. ಅದಕ್ಕೇ ಈ ಓಲೆ. ಉಪ್ಪಿನ ವ್ಯಾಪಾರಿ ಹುನಾಲ್ ನಾಳೆ ನಿಮ್ಮ ದಡಕ್ಕೆ ಹೊರಡುತ್ತಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಅವನು ಹಿಂದಿರುಗುವಾಗ ನಿನ್ನ ಮಾತೊಂದನ್ನು ಅವನ ಬಾಯಲ್ಲೇ ಹೇಳಿ ಕಳಿಸು. ನಿನ್ನದೇ ಒರಟು ಮಾತಿನಲ್ಲಿ, ಅವಳನ್ನು ಎರಡು ಬೈದು, ಇಲ್ಲಿ ನೈದಿಲೆ ಇದೆ ಎಂದು ಹೇಳು. ಸುಳ್ಳೆಂದು ನನಗೆ ಗೊತ್ತು. ನಿನ್ನ ಮಾತಾದರೆ ಅವಳು ನಂಬುತ್ತಾಳೆ. ಅಷ್ಟು ಮಾಡು ತಾಯಿ.

ಯೋಪಾತ್‌ಗೂ ಅವನ ಅಮ್ಮನಿಗೂ ನನ್ನ ನೆನಪು ತಿಳಿಸು. ನಿನ್ನ ಒಲೆ ಆರದಿರಲಿ, ನಿನ್ನ ಗಂಡನ ದೋಣಿ ಪ್ರತಿ ಸಲ ಮರಳಿ ಬರಲಿ.

ನಿನ್ನ ಅಪ್ಪ,
ಸಾಕ್ ಮೋ

ಮತ್ತೆ: ಹುನಾಲ್ ಹೊರೆ ಕಟ್ಟುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ ನಿಮ್ಮಮ್ಮ ಹೊರಟುಹೋದಳು. ಅವಳಿಗೆ ಮಾತು ಹೇಳಿ ಕಳಿಸುವ ಕೆಲಸ ಇನ್ನಿಲ್ಲ. ಕೊನೆಗೆ ನನ್ನ ಕೈ ಹಿಡಿದು, "ಮುಯಾಲ್ ಆ ದಡದಲ್ಲೇ ಇರ್ತಾಳಲ್ವಾ?" ಎಂದು ಕೇಳಿದಳು. ಹೂಂ ಎಂದೆ. ದಾರಿಗೆಂದು ಅವಳ ಬಾಯಿಗೆ ಜೋಳದ ಹಿಟ್ಟು, ಹಸಿರು ಮಣಿ ಇಟ್ಟಿದ್ದೇನೆ. ಮನೆಯ ನೆಲದಡಿಯಲ್ಲಿ ಮಲಗಿಸಿ ಮುಖಕ್ಕೆ ಮುಚ್ಚಲು ಹೊಸ ಬಟ್ಟಲು ಬರೆಯುತ್ತಿದ್ದೇನೆ, ಅದರಲ್ಲೂ ನೈದಿಲೆಯೇ. ಬೇರೆ ಕಡಲು ನನ್ನ ಕೈಗೆ ಬಾರದು. ಅವಳು ನಿನ್ನ ದಡದ ಕಡೆಗೇ ಬರುತ್ತಾಳೆ, ಬಂದು ಹೂ ಹುಡುಕುತ್ತಾಳೆ. ಮುಂಜಾನೆ ಒಂದಷ್ಟು ದಿನ ದಡಕ್ಕೆ ಹೋಗಿ ನಿಂತಿರು. ಕೈಗೆ ಸಿಕ್ಕ ಬಿಳಿ ಹೂ ನಾಲ್ಕು ನೀರಿನ ಮೇಲೆ ಬಿಡು. ಅವಳ ಕಣ್ಣು ಮಂಜು, ನೈದಿಲೆಯಲ್ಲ ಎಂದು ಅವಳಿಗೆ ಗೊತ್ತಾಗುವುದಿಲ್ಲ.