ನೆರಳು ದಾಟಲು ಅನುಮತಿ ಕೋರಿ

ಇಸವಿ ಎರಡು ಸಾವಿರದ ನೂರ ಮೂವತ್ತೊಂದು, ಫೆಬ್ರವರಿ ಮೂವತ್ತು
(ಕಾರ್ಯಸೂಚಿ ಮುಗಿಯದ ಕಾರಣ ತಿಂಗಳನ್ನು ಮುಂದುವರಿಸಲಾಗಿದೆ)

ಸಮಸ್ತ ಮಾನವಕೋಟಿಗೆ ಈ ಮೂಲಕ ಸಾರುವುದೇನೆಂದರೆ, ನಮ್ಮ ಕಾಫಿ ಕೂಜೆಯ ಮುಚ್ಚಳ ಸಿಕ್ಕಿದೆ! ಹಳೇ ಬಣದ ಹಿರಿಯರಾದ ಗುತಾ ಅವರು ಅದರ ಮೇಲೆ ಕುಳಿತಿದ್ದರು. ಎದ್ದರೆ ಹೊಸ ಬಣದವರು ಬಂದು ಕೂತುಬಿಡುತ್ತಾರೆಂದು ಮೂರು ವಾರ ಸಹಿಸಿಕೊಂಡಿದ್ದರಂತೆ. ತ್ಯಾಗ ಎಂದರೆ ಇದು.

ಈ ಪತ್ರದ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಹಿಮ್ಮುಖ ಅಂಚೆ ಎಲ್ಲಿ ಇಳಿಯುತ್ತದೋ ಅಲ್ಲಿನ ಭಾಷೆಯನ್ನೇ ತೊಟ್ಟುಕೊಳ್ಳುತ್ತದೆ. ಈ ಸಲ ಕನ್ನಡವನ್ನು ಆರಿಸಿಕೊಂಡಿದೆ. ಒಂದೇ ಉದ್ದೇಶಕ್ಕೆ ನಾಲ್ಕು ಸಂಘ ಕಟ್ಟಿಕೊಂಡವರು ನಿಮ್ಮಲ್ಲೂ ಇದ್ದಾರೆಂದು ಅಂಚೆಗೆ ಯಾರು ಹೇಳಿದರೋ ಕಾಣೆ.

ನಾನು ಬೊರು. ಓರೊಮೊ ಎಂಬ ನಮ್ಮ ಜನರ ವಿಮೋಚನೆಗಾಗಿ ದುಡಿಯುವ ಐದು ಬಣಗಳನ್ನು ಸಮಾನ ತತ್ವಗಳ ಮೇಲೆ ಒಂದು ಮಾಡಲು ಸೇರಿದ ಸಭೆಯಲ್ಲಿ ‘ನಿಜವಾದ ಹಳೇ ಬಣ’ದ ಪ್ರತಿನಿಧಿ. ಹಳೇ ಬಣ, ಹೊಸ ಬಣ, ಹೊಸ ಬಣದಿಂದ ಒಡೆದ ಬಣ, ಬಣಗಳೇ ಬೇಡ ಎನ್ನುವವರ ಬಣ, ಇವು ಉಳಿದವು. ಸಭೆ ಶುರುವಾದದ್ದು ನನ್ನ ಮುತ್ತಜ್ಜನ ಕಾಲದಲ್ಲಿ, ಅಂದರೆ ನಿಮ್ಮ ಕಾಲದಲ್ಲಿ. ಇನ್ನೂ ನಡೆಯುತ್ತಿದೆ.

ನಮ್ಮ ಸಭೆಗಳು ಓಡಾ ಮರದ ಕೆಳಗೆ ಕೂಡುತ್ತವೆ. ಓಡಾ ಎಂದರೆ ನಿಮ್ಮ ಅತ್ತಿಮರದ ದೊಡ್ಡಣ್ಣ. ಅದರ ಕೆಳಗೆ ಕೈಯೆತ್ತಿ ಬಹುಮತ ಎಣಿಸುವುದಿಲ್ಲ, ಎಲ್ಲರೂ ಒಪ್ಪಬೇಕು. ಒಪ್ಪಿದ ಮೇಲೆ ಮುಕ್ತಾಯದ ಆಶೀರ್ವಚನ ಆಗಬೇಕು. ಅದಾಗುವವರೆಗೆ ಮರದ ನೆರಳು ದಾಟುವುದಿಲ್ಲ ಎಂದು ನಮ್ಮ ಮುತ್ತಜ್ಜಂದಿರು ಹುರುಪಿನಲ್ಲಿ ಆಣೆಯಿಟ್ಟರು. ತತ್ವಗಳಿಗೆ ಮೊದಲ ಬೆಳಿಗ್ಗೆಯೇ ಎಲ್ಲರೂ ಒಪ್ಪಿದರು: ನಮ್ಮ ನೆಲದಲ್ಲಿ ನಮ್ಮ ಮಾತಿಗೆ ಬೆಲೆ, ನಮ್ಮ ಭಾಷೆಯಲ್ಲಿ ನಮ್ಮ ಮಕ್ಕಳ ಓದು, ನೆರೆಯವರಿಗೆ ನಮ್ಮಿಂದ ಕೇಡಿಲ್ಲ, ಯಾರೂ ಎಂಟು ವರ್ಷಕ್ಕಿಂತ ಹೆಚ್ಚು ಅಧಿಕಾರದಲ್ಲಿ ಕೂರುವಂತಿಲ್ಲ. ಕೊನೆಯದು ಗದಾ ಎಂಬ ನಮ್ಮ ಹಳೆಯ ಪದ್ಧತಿಯ ಜೀವಾಳ. ಅದನ್ನು ಎತ್ತಿ ಹಿಡಿಯುತ್ತ ನಾವು ನಾಲ್ಕು ತಲೆಮಾರಿನಿಂದ ಕೂತೇ ಇದ್ದೇವೆ.

ತಕರಾರು ಬಂದದ್ದು ಆಶೀರ್ವಚನದ ಹೊತ್ತಿಗೆ. ಅದು ಮೊದಲ ಮುಕ್ಕಾಲಿಯಿಂದ ಶುರುವಾಗಬೇಕು. ಬಣಕ್ಕೊಂದರಂತೆ ಐದು ಮುಕ್ಕಾಲಿಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲನೆಯದು ಎಡತುದಿಯದೋ ಬಲತುದಿಯದೋ? ನಡುವಿನದೇ ಮೊದಲು ಎಂದು ವಾದಿಸಿದವರು ನನ್ನ ಮುತ್ತಜ್ಜ.

ಹೀಗಾಗಿ ನಾವು ನೆರಳಿನಲ್ಲಿ ಊರು ಕಟ್ಟಿಕೊಂಡೆವು. ಕೊಂಬೆಗಳಿಗೆ ಊರುಗೋಲು ಕೊಟ್ಟು, ಬೇಕಾದ ಕಡೆಗೆ ಬಾಗಿಸಿ ನೆರಳು ಬೆಳೆಸುತ್ತೇವೆ. ಅಡುಗೆಮನೆಗೆ ಒಂದು ಕೊಂಬೆ, ಶಾಲೆಗೆ ಎರಡು. ಇದಕ್ಕೆ ‘ನೆರಳು ಬೇಸಾಯ’ ಎಂದು ಹೆಸರು. ಮಧ್ಯಾಹ್ನ ನೆರಳು ಕುಗ್ಗಿದಾಗ ಐದೂ ಬಣದವರು ಬುಡದಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ಒತ್ತಿಕೊಂಡು ನಿಲ್ಲುತ್ತೇವೆ. ನಾವು ಸಾಧಿಸಿದ ಐಕ್ಯ ಅಷ್ಟೇ. ಸಂಜೆ ನೆರಳು ಉದ್ದವಾಗಿ ಹೊಳೆ ಮುಟ್ಟಿದಾಗ ಕೊಡ ಹಿಡಿದು ಓಡಿ, ಕತ್ತಲಾಗುವ ಮೊದಲು ವಾಪಸಾಗುತ್ತೇವೆ. ಮೋಡ ಕವಿದರೆ ಲೋಕವೆಲ್ಲ ನೆರಳೇ ಅಲ್ಲವೇ ಎಂದು ಒಬ್ಬ ಕೇಳಿದ್ದ. ಆ ವಿಷಯ ಉಪಸಮಿತಿಯಲ್ಲಿದೆ. ಆಚೆ ದಡದಲ್ಲಿರುವ ನಮ್ಮದೇ ಜನರಾದ ದನಗಾಹಿಗಳು ಮಾತ್ರ ಇವತ್ತಿಗೂ ಕೂಗಿ ಕೇಳುತ್ತಾರೆ: “ಏನ್ರಪ್ಪಾ, ನಮ್ಮ ವಿಷಯ ಏನಾಯ್ತು?” ನಾವು ಕೈ ಬೀಸುತ್ತೇವೆ.

ಆ ದನಗಾಹಿಗಳಲ್ಲೊಬ್ಬ ಜಿಲ್ಲೊ. ಸಂಜೆ ನೀರಿಗೆ ಹೋದ ನನ್ನ ಮಗಳು ಅಯಾಂತು ಅವನನ್ನು ಮೆಚ್ಚಿದಳು. ಮದುವೆ ನಾಳೆ, ಆಚೆ ದಡದಲ್ಲಿ, ನಡುಮಧ್ಯಾಹ್ನಕ್ಕೆ. ಅಂದರೆ ನೆರಳು ಅತಿ ಚಿಕ್ಕದಾಗಿರುವ ಹೊತ್ತಿಗೆ.

ನಮ್ಮಲ್ಲಿ ಮದುವೆಯಾಗುವ ಮಗಳಿಗೆ ತಾಯಿ ಸಿಂಕೆ ಎಂಬ ಕೋಲು ಕೊಡುತ್ತಾಳೆ. ಹೆಂಗಸು ಅದನ್ನು ಹಿಡಿದು ಜಗಳದ ನಡುವೆ ನಿಂತರೆ ಎಂಥ ವೀರನೂ ಬಾಯಿ ಮುಚ್ಚಬೇಕು. ಅಯಾಂತು ನಿನ್ನೆ ಅಮ್ಮನಿಂದ ಅದನ್ನು ಮುಂಗಡವಾಗಿ ಈಸಿಕೊಂಡು ಬಂದು ಸಭೆಯ ನಡುವೆ ಊರಿದಳು. ಗುತಾ ಅವರ ಕೆಮ್ಮೂ ನಿಂತಿತು.

“ತತ್ವ ಒಪ್ಪದೋರು ಯಾರಾದ್ರೂ ಇದೀರಾ?”

ಯಾರೂ ಇರಲಿಲ್ಲ.

“ಮತ್ತೆ ಜಗಳ ಯಾತಕ್ಕೆ?”

“ಜಗಳ ಎಲ್ಲಿದೆ ತಾಯಿ,” ಎಂದರು ಗುತಾ, ಮುಚ್ಚಳದ ಗುರುತು ಸವರಿಕೊಳ್ಳುತ್ತ. “ಮೊದಲು ಆಶೀರ್ವಾದ ಮಾಡೋರು ಯಾರು ಅಂತ ಒಂದು ಸಣ್ಣ ಮಾತುಕತೆ.”

“ಐದೂ ಜನ ಒಟ್ಟಿಗೇ ಮಾಡಿ.”

ಸಭೆ ಬೆರಗಾಯಿತು. ಇಷ್ಟು ಸುಲಭದ ಮಾತು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಒಪ್ಪಿದೆವು. ಕೆಲವರು ಕಣ್ಣೊರೆಸಿಕೊಂಡರು. ನಾನು ಚಪ್ಪಲಿ ಹುಡುಕಿಟ್ಟೆ. ಆಗ ಹೊಸ ಬಣದವರು ಕೆಮ್ಮಿ ಕೇಳಿದರು: “ಅಲ್ಲ, ಒಂದು ಎರಡು ಮೂರು ಅಂತ ಎಣಿಸೋರು ಯಾರು?”

ಐದು ಕೈಗಳು ಮೇಲೆದ್ದವು. ಒಂದು ನನ್ನದು. ಕೈ ತಾನಾಗಿಯೇ ಎದ್ದಿತು.

ಅಯಾಂತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೋಲು ಕಿತ್ತು ಹೆಗಲಿಗಿಟ್ಟುಕೊಂಡಳು. “ಆಣೆ ಇಟ್ಟೋಳು ನಾನಲ್ಲಪ್ಪಾ. ನಾಳೆ ಮಧ್ಯಾಹ್ನ ಬಿಸಿಲಲ್ಲೇ ನಡ್ಕೊಂಡು ಹೋಗ್ತೀನಿ. ನೀನು ಬರ್ತೀಯೋ, ಇಲ್ಲಿಂದಲೇ ಕೈ ಬೀಸ್ತೀಯೋ?”

ಆಣೆ ಮುರಿದು ನಾನು ನೆರಳು ದಾಟಿದರೆ ಮತ್ತೆ ಕೂರುವಂತಿಲ್ಲ, ನನ್ನ ಮುಕ್ಕಾಲಿ ಖಾಲಿ. ಖಾಲಿ ಮುಕ್ಕಾಲಿ ಏನನ್ನೂ ಒಪ್ಪಲಾರದು. ಇಲ್ಲಿರುವ ಯಾರೂ ಮುಂದೆಂದೂ ಏಳುವಂತಿಲ್ಲ. ದಾಟದಿದ್ದರೆ ನನ್ನ ಮಗಳ ನೆತ್ತಿಯ ಮೇಲೆ ಕೈಯಿಡುವವರಿಲ್ಲ. ಬೆಳಿಗ್ಗೆಯಿಂದ ನೆರಳಿನ ಅಂಚಿನಲ್ಲಿ ನಿಂತು, ಒಂದು ಕಾಲು ಎತ್ತಿ ಇಳಿಸಿ ನೋಡುತ್ತಿದ್ದೇನೆ. ಬಿಸಿಲು ಬೆಚ್ಚಗಿದೆ.

ಆದ್ದರಿಂದ ನಿಮ್ಮಲ್ಲಿ ಒಂದು ಚಿಕ್ಕ ಉಪಕಾರ ಬೇಡುತ್ತೇನೆ. ನಮ್ಮ ಸಭೆ ನಿಮ್ಮ ಕಾಲದಲ್ಲಿ ಇನ್ನೇನು ಕೂಡಲಿದೆ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಹೇಳಿ ಕಳಿಸಿ: ಮುಕ್ಕಾಲಿಗಳನ್ನು ಸಾಲಾಗಿ ಇಡಬೇಡಿ, ದುಂಡಗೆ ಇಡಿ. ದುಂಡಗಿಟ್ಟರೆ ಮೊದಲನೆಯದು ಯಾವುದೆಂದು ಹುಡುಕುವುದರೊಳಗೆ ಆಶೀರ್ವಚನ ಮುಗಿದಿರುತ್ತದೆ. ಈಗ ನಾವೇ ತಿರುಗಿಸಿಡಬಾರದೇ ಎಂದು ನೀವು ಕೇಳಬಹುದು. ಮೊದಲು ಯಾರ ಮುಕ್ಕಾಲಿ ಸರಿಸಬೇಕೆಂಬ ಚರ್ಚೆ ಇಂದು ಬೆಳಿಗ್ಗೆ ಆರಂಭವಾಗಿದೆ.

ದಯವಿಟ್ಟು ಸ್ವಲ್ಪ ಬೇಗ. ಮದುವೆ ನಾಳೆ ಮಧ್ಯಾಹ್ನ.